ಹದಿನೈದನೇ ತಾರೀಕು

"ಹದಿನೈದು ಎಲ್ಲಿ ಹೋಯ್ತು?" ಎಂದು ಹೆಂಡತಿ ಕೇಳಿದಾಗ ಅವನ ಬಾಯಿ ತುಂಬ ಪೇಸ್ಟಿನ ನೊರೆ ಇತ್ತು.

ಬಚ್ಚಲಿನ ಬಾಗಿಲಿಗೆ ಬಂದು ನೋಡಿದ. ಅವಳು ಹಾಸಿಗೆಯ ತನ್ನ ಭಾಗದಲ್ಲಿ ಕೂತು, ಹಡಗಿನವರು ಕ್ಯಾಬಿನ್ನಿನ ಬಾಗಿಲ ಸಂದಿನಿಂದ ತೂರಿಸಿಹೋದ ಹಾಳೆಯನ್ನು ಓದುತ್ತಿದ್ದಳು. ಇಂದು ಗುರುವಾರ, ಹದಿನಾಲ್ಕು. ತಿಂಡಿ ಏಳರಿಂದ. ಹನ್ನೊಂದಕ್ಕೆ ಹಿರಿಯರಿಗೆ ನೃತ್ಯಪಾಠ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು: ಈ ರಾತ್ರಿ ನಮ್ಮ ಹಡಗು ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟಲಿದೆ, ನಾಳೆ ಶನಿವಾರ, ಹದಿನಾರು.

ಅವನು ಬಾಯಿ ತೊಳೆದು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದ. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ಮನುಷ್ಯ. ಪಶ್ಚಿಮಕ್ಕೆ ಹೋಗುವ ಹಡಗು ಈ ರೇಖೆ ದಾಟಿದರೆ ಒಂದು ದಿನ ಕಳೆದುಕೊಳ್ಳುತ್ತದೆ ಎಂದು ಪ್ರತಿ ವರ್ಷ ಹೇಳಿ, ಹುಡುಗರು ಅರ್ಥವಾಗದೆ ಮಿಕಿಮಿಕಿ ನೋಡುವಾಗ ಒಳಗೊಳಗೇ ಸುಖಪಡುತ್ತಿದ್ದ. ಈ ಹಡಗನ್ನು ಆರಿಸಿದವನೂ ಅವನೇ. ಅಪ್ಪ ಅಮ್ಮನ ಮದುವೆಗೆ ಐವತ್ತು ತುಂಬುವ ಹದಿನೈದನೇ ತಾರೀಕು ಮನೆಯವರೆಲ್ಲ ನಡುನೀರಿನಲ್ಲಿರಬೇಕು, ಯಾರೂ ಕೆಲಸದ ನೆಪ ಹೇಳಿ ಎದ್ದುಹೋಗಬಾರದು ಎಂದು ಬೆರಳು ಮಡಿಸಿ ಮಡಿಸಿ ಆರಿಸಿದ್ದ.

"ಆ ದಿನ ಇಲ್ಲ," ಎಂದ.

"ಅಂದ್ರೆ?"

"ಅಂದ್ರೆ ಇಲ್ಲ."

ಅವಳು ನಕ್ಕಳು. ಏಳು ತಿಂಗಳಲ್ಲಿ ಅವನೆದುರು ನಕ್ಕದ್ದು ಅದೇ ಮೊದಲು. ಅವನಿಗೂ ನಗು ಬರುವುದರಲ್ಲಿತ್ತು; ಅಷ್ಟರಲ್ಲಿ ಅವಳದ್ದು ಮುಗಿದಿತ್ತು.

ಏಳು ತಿಂಗಳಿಂದ ಅವಳು ಬೇರೆ ಮನೆಯಲ್ಲಿದ್ದಳು. ಅವಳು ಎಕ್ಸ್‌ರೇ ತೆಗೆಯುವ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಜಗಳವಾಗಿರಲಿಲ್ಲ. ಆಗಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಒಂದು ಭಾನುವಾರ ಊಟದ ಮಧ್ಯೆ ಅವಳು "ನಾನು ಹೋಗ್ಲಾ?" ಎಂದಳು. ಅಂಗಡಿಗೆ ಎಂದುಕೊಂಡು ಅವನು "ಹೂಂ" ಎಂದ. ವಾರದೊಳಗೆ ಅವಳ ಪುಸ್ತಕಗಳು ಹೋದವು. ಆ "ಹೂಂ" ಅನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ಈಗಲೂ ತಿಳಿದಿರಲಿಲ್ಲ. ತೆಗೆದುಕೊಳ್ಳಬೇಕೋ ಬೇಡವೋ ಎಂಬುದೂ.

ಮಗಳೊಬ್ಬಳ ಹೊರತು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿನೈದು ಮುಗಿಯಲಿ, ಆಮೇಲೆ ಎಲ್ಲರಿಗೂ ಹೇಳೋಣ ಎಂದು ಒಪ್ಪಂದವಾಗಿತ್ತು. ಅಲ್ಲಿಯವರೆಗೆ ಒಂದೇ ಕ್ಯಾಬಿನ್, ಒಂದೇ ಹಾಸಿಗೆ, ನಡುವೆ ಉದ್ದಕ್ಕೆ ಮೂರು ದಿಂಬು.

"ಹಾಗಾದ್ರೆ ನಮ್ಮದು?" ಎಂದಳು.

"ಏನು ನಮ್ಮದು?"

"ಹದಿನೈದು ಮುಗಿದ್ಮೇಲೆ ಅಂತ ಅಲ್ವಾ ಅಂದ್ಕೊಂಡಿದ್ದು."

"ಹದಿನಾರು ಬರತ್ತಲ್ಲ."

"ಮುಗಿಯೋಕೆ ಮೊದ್ಲು ಶುರುವಾಗ್ಬೇಕಲ್ವಾ," ಎಂದು ಅವಳು ಟವೆಲ್ ಎತ್ತಿಕೊಂಡು ಬಚ್ಚಲಿಗೆ ಹೋದಳು. ತಮಾಷೆಗೆ ಹೇಳಿದಳೋ, ಬೇರೆ ಏನಾದರೂ ಹೇಳಿದಳೋ. ನೀರು ಬೀಳುವ ಸದ್ದು ಶುರುವಾಯಿತು.

ತಿಂಡಿಯ ಮೇಜಿನಲ್ಲಿ ತಂಗಿ ಆಗಲೇ ಕೆಂಡವಾಗಿದ್ದಳು. ಹಲ್ಲಿನ ಡಾಕ್ಟರು, ಎದುರಿಗಿದ್ದವರು ಬಾಯಿ ತೆರೆದು ಸುಮ್ಮನೆ ಕೂರುವುದು ಅವಳಿಗೆ ರೂಢಿ. ಹನ್ನೊಂದು ಜನಕ್ಕೂ ತಾರೀಕು ಅಚ್ಚು ಹಾಕಿಸಿದ ಅಂಗಿ ತಂದಿದ್ದಳು. ಶುಕ್ರವಾರ ಸಂಜೆಗೆ ಸಣ್ಣ ಹಾಲ್ ಹಿಡಿದಿದ್ದಳು.

"ಶುಕ್ರವಾರ ಇಲ್ಲ ಮೇಡಂ ಅಂತಾಳೆ ಕೌಂಟರಿನವಳು. ನಕ್ಕೊಂಡು ಹೇಳ್ತಾಳೆ! ಅಣ್ಣ, ನಿನಗೆ ಗೊತ್ತಿರ್ಲಿಲ್ವಾ? ಮಕ್ಕಳಿಗೆ ಇದನ್ನೇ ಅಲ್ವಾ ನೀನು ಹೇಳ್ಕೊಡೋದು?"

"ಗೊತ್ತಿತ್ತು," ಎಂದ. ಅದು ನಿಜ. ಗೊತ್ತಿದ್ದದ್ದು ತನಗೂ ಆಗಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

"ಮನೇಲಿ ಹದಿನೈದು ಇರತ್ತೆ ತಾನೇ?" ಎಂದಳು ಮಗಳು.

"ಇರತ್ತೆ. ಅಲ್ಲಿ ನಾವಿರಲ್ಲ."

ಅಪ್ಪ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ. ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂಬತ್ತು ವರ್ಷ ಫೋರ್‌ಮನ್ ಆಗಿದ್ದವನು. ಕುಲುಮೆ ಆರಬಾರದು, ಉಳಿದದ್ದೆಲ್ಲ ಸುಧಾರಿಸಿಕೊಳ್ಳಬಹುದು ಎಂಬ ಲೆಕ್ಕದವನು. "ಅದಕ್ಯಾಕೆ ಅಷ್ಟು ರಂಪ? ಒಂದು ಪಾಳಿ ಮುಂಚೆ ಮಾಡಿ. ಇವತ್ತೇ ಮುಗಿಸಿ," ಎಂದ.

"ಆ ದಿನ ಎಲ್ಲಿಗೆ ಹೋಗತ್ತೆ?" ಎಂದಳು ಅಮ್ಮ.

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಊರಿಗೆಲ್ಲ ಲೈನ್ ಜೋಡಿಸಿದವಳು. ಮನೆಯಲ್ಲಿ ಮಾತು ಕಡಿಮೆ. ಅವನನ್ನೇ ನೋಡುತ್ತಿದ್ದಳು. ಅವನು ಒಂದು ಬನ್ ತೆಗೆದುಕೊಂಡು, ಅದರ ನಡುವೆ ಚಾಕುವಿನಿಂದ ಗೆರೆ ಎಳೆದು, ಇದು ಭೂಮಿ, ಈ ಕಡೆ ಗುರುವಾರ, ಆ ಕಡೆ ಶುಕ್ರವಾರ, ನಡುರಾತ್ರಿ ನಾವು ಇಲ್ಲಿಂದ ಇಲ್ಲಿಗೆ ಕಾಲಿಟ್ಟಾಗ ಅಲ್ಲಿ ಶುಕ್ರವಾರವೂ ಮುಗಿದುಹೋಗಿರುತ್ತದೆ ಎಂದು ವಿವರಿಸಿದ. ಅವಳು ತಲೆ ಬಗ್ಗಿಸಿ, ಆಪರೇಷನ್ನಿಗೆ ಮುಂಚೆ ಡಾಕ್ಟರ ಮಾತು ಕೇಳುವವರ ಹಾಗೆ ಕೇಳಿಸಿಕೊಂಡಳು.

"ಹಾಗಾದ್ರೆ ಅದು ಯಾರ ಲೆಕ್ಕಕ್ಕೂ ಇಲ್ಲ."

"ಇಲ್ಲ ಅಮ್ಮ."

"ಸರಿ," ಎಂದು ಚಮಚ ಕೆಳಗಿಟ್ಟಳು. ಅಪ್ಪ ಸುಲಿದ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿದ. ಅವಳು ಮೊಟ್ಟೆ ಬಿಟ್ಟು ಆರು ವರ್ಷವಾಗಿತ್ತು.

ಸಮಾರಂಭ ಇವತ್ತೇ ಎಂದಾಯಿತು; ಸಂಜೆಯ ಭಾಷಣ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಮಧ್ಯಾಹ್ನ ಹಡಗಿನ ಪುಸ್ತಕದ ಕೋಣೆಯಲ್ಲಿ ಕೂತ. ಕಿಟಕಿಯಲ್ಲಿ ಸಮುದ್ರ, ನಿನ್ನೆ ಇದ್ದದ್ದೇ. 'ಐವತ್ತು ವರ್ಷಗಳ ಹಿಂದೆ' ಎಂದು ಬರೆದ. ಇವತ್ತಿಗೆ ಲೆಕ್ಕ ಹಾಕಿದರೆ ಐವತ್ತಕ್ಕೆ ಒಂದು ದಿನ ಕಡಿಮೆ, ಹೊಡೆದುಹಾಕಿದ. 'ನಮ್ಮ ತಂದೆತಾಯಿ ಒಬ್ಬರನ್ನೊಬ್ಬರು' ಎಂದು ಬರೆದ. ಮುಂದೆ ಯಾವ ಪದ ಬರಬೇಕೆಂದು ಯೋಚಿಸುತ್ತ ಪೆನ್ನಿನ ಮುಚ್ಚಳ ಕಚ್ಚಿದ. ಅವರು ಒಬ್ಬರನ್ನೊಬ್ಬರು ಏನು ಮಾಡಿದ್ದರು? ಬಾಗಿಲು ತೆರೆದಿದ್ದರು, ಬಾಗಿಲು ಹಾಕಿದ್ದರು, ಜ್ವರ ಬಂದಾಗ ಮಾತ್ರೆ ತಂದಿದ್ದರು. ಮಾತಾಡಿದ್ದು ನೆನಪಾಗಲಿಲ್ಲ. ಜಗಳವೂ ನೆನಪಾಗಲಿಲ್ಲ. ತನ್ನ ಮನೆಯಲ್ಲೂ ಜಗಳವಿರಲಿಲ್ಲ ಎಂಬುದು ಹೊಳೆದು ಪೆನ್ನು ಕೆಳಗಿಟ್ಟ.

ಅಮ್ಮ ಯಾವಾಗ ಬಂದು ಎದುರು ಕೂತಳೋ ತಿಳಿಯಲಿಲ್ಲ.

"ಒಂದು ಮಾತು ಕೇಳ್ಬೇಕಿತ್ತು."

"ಕೇಳಮ್ಮ."

"ಆ ದಿನ ಯಾರಿಗೂ ಇಲ್ಲ ಅಂದ್ರೆ, ನನಗೆ ಕೊಡಿಸ್ತೀಯಾ?"

"ಏನನ್ನ?"

"ಅದನ್ನೇ. ಒಂದು ಬೇರೆ ಕೋಣೆ ಇದ್ರೆ ಕೇಳು. ಒಬ್ಳೇ ಇರ್ತೀನಿ. ಯಾರೂ ಬಾಗ್ಲು ತಟ್ಟೋ ಹಾಗಿಲ್ಲ. ಹೇಗೂ ಲೆಕ್ಕಕ್ಕಿಲ್ವಲ್ಲ, ಯಾರಿಗೂ ನಷ್ಟ ಇಲ್ಲ."

"ಅಪ್ಪ ಏನಾದ್ರೂ ಅಂದ್ರಾ?"

"ಪಾಪ, ಅವರೇನಂತಾರೆ."

ಅವನು ಏನೂ ತಿಳಿಯದಾಗ ಮಾಡುವುದನ್ನೇ ಮಾಡಿದ; ಪಾಠ ಶುರುಮಾಡಿದ. "ಆ ದಿನ ಅಂತ ಬೇರೆ ಇಲ್ಲಮ್ಮ. ಹಡಗು ಹತ್ತಿದಾಗಿಂದ ಮಲಗೋ ಮುಂಚೆ ಗಡಿಯಾರ ಒಂದೊಂದು ಗಂಟೆ ಹಿಂದಕ್ಕೆ ಇಡ್ತಿದ್ವಲ್ಲ? ಆ ಗಂಟೆಗಳೆಲ್ಲ ಸೇರಿದ್ರೆ ಅದೇ ಆ ದಿನ. ನಮಗೆ ಚೂರುಚೂರಾಗಿ ಮೊದಲೇ ಕೊಟ್ಟಿದ್ದಾರೆ. ಈಗ ಒಟ್ಟಿಗೆ ವಾಪಸ್ ತಗೋತಾರೆ, ಅಷ್ಟೇ."

ಅದು ಪೂರ್ತಿ ಸರಿಯಲ್ಲ. ಅಷ್ಟೂ ಗಂಟೆ ಇನ್ನೂ ಸಿಕ್ಕಿರಲಿಲ್ಲ. ತರಗತಿಯಲ್ಲೂ ಸುಲಭವಾಗಲೆಂದು ಹಾಗೇ ಹೇಳುತ್ತಿದ್ದ.

"ನನಗೂ ಕೊಟ್ರಾ?" ಎಂದಳು ಅಮ್ಮ.

"ಎಲ್ರಿಗೂ."

"ಯಾವಾಗ ಖರ್ಚಾಯ್ತು? ನನಗೆ ಗೊತ್ತೇ ಆಗ್ಲಿಲ್ಲ."

"ನಿದ್ದೇಲಿ."

ಅಮ್ಮ ಕಿಟಕಿಯತ್ತ ತಿರುಗಿದಳು. ಅವಳ ಮುಖದಲ್ಲಿ ಏನಾಗುತ್ತಿದೆ ಎಂದು ಅವನು ಹುಡುಕಿದ. ನಲವತ್ತೇಳು ವರ್ಷದಿಂದ ನೋಡಿದ ಮುಖ, ಪರಿಚಯವಿತ್ತು, ಅಷ್ಟೇ.

"ನಿನ್ನ ಹೆಂಡ್ತಿ ಇನ್ನೂ ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಬೀರುವಿಗೆ ಇಟ್ಟಿಲ್ಲ," ಎಂದಳು ಇದ್ದಕ್ಕಿದ್ದಂತೆ. "ಮೊನ್ನೆ ಸೂಜಿ ಕೇಳೋಕೆ ಬಂದಾಗ ನೋಡ್ದೆ."

"ಹತ್ತು ದಿನದ ಮಟ್ಟಿಗೆ ಯಾಕೆ ಅಂತ."

"ಹೂಂ. ಹತ್ತು ದಿನದ ಮಟ್ಟಿಗೆ," ಎಂದು ಅಮ್ಮ ಎದ್ದಳು. ಎದ್ದವಳು ಅವನ ಹಾಳೆಯತ್ತ ಬಗ್ಗಿ, "ಒಬ್ಬರನ್ನೊಬ್ಬರು" ಎಂದು ಗಟ್ಟಿಯಾಗಿ ಓದಿ, ಮುಂದೆ ಏನೂ ಇಲ್ಲದ್ದನ್ನು ಕಂಡು, ಅವನ ಭುಜ ತಟ್ಟಿ ಹೋದಳು.

ಕೌಂಟರಿನಲ್ಲಿ ಅವನು ಖಾಲಿ ಕ್ಯಾಬಿನ್ ಇದೆಯೇ ಎಂದು ಕೇಳಲಿಲ್ಲ. ಕೇಳಬೇಕೆಂದೇ ಹೋಗಿ ಸಾಲಿನಲ್ಲಿ ನಿಂತಿದ್ದ. ಸರದಿ ಬಂದಾಗ ಕೌಂಟರಿನವಳು "ಏನು ಬೇಕಿತ್ತು ಸರ್?" ಎಂದಳು. "ಏನೂ ಇಲ್ಲ" ಎಂದು ಬಂದುಬಿಟ್ಟ.

ಸಂಜೆ ಐದಕ್ಕೆ ಊಟದ ಹಾಲಿನ ಮೂಲೆಯಲ್ಲಿ ಎರಡು ಮೇಜು ಜೋಡಿಸಿದರು. ತಂಗಿ ತಂದ ಅಂಗಿಗಳನ್ನು ಎಲ್ಲರೂ ತೊಟ್ಟರು. ಹನ್ನೊಂದು ಬೆನ್ನುಗಳ ಮೇಲೆ ಬಾರದ ತಾರೀಕು. ಮಗಳು ಫೋನ್ ಎತ್ತಿ ಹಿಡಿದಳು.

"ಅಪ್ಪ, ಸ್ವಲ್ಪ ಹತ್ರ ನಿಂತ್ಕೊ. ಇಲ್ಲಾಂದ್ರೆ ಎಲ್ರಿಗೂ ಗೊತ್ತಾಗತ್ತೆ."

ಅವನು ಹೆಂಡತಿಯ ಪಕ್ಕಕ್ಕೆ ಸರಿದ. ಅವಳು ಅವನ ತೋಳು ಹಿಡಿದಳು. ಫೋಟೋ ಆದಮೇಲೂ ಕೈ ಅಲ್ಲೇ ಇತ್ತು. ಮರೆತಳೋ, ಬೇಕೆಂದೇ ಬಿಟ್ಟಳೋ? ಅವನು ತೋಳು ಅಲುಗಿಸದೆ ನಿಂತ. ಜುಮ್ಮೆನ್ನತೊಡಗಿದರೂ ನಿಂತೇ ಇದ್ದ. "ನಿಮ್ಮ ಇಪ್ಪತ್ತೈದಕ್ಕೂ ಹಡಗೇ ಅಣ್ಣ, ನಾನೇ ಬುಕ್ ಮಾಡ್ತೀನಿ," ಎಂದು ತಂಗಿ ಹಾದುಹೋದಳು. ಕೈ ಆಗ ಜಾರಿತು.

ಅವನು ಭಾಷಣ ಓದಿದ. 'ಒಬ್ಬರನ್ನೊಬ್ಬರು ಅರಿತು' ಎಂದು ಬರೆದುಕೊಂಡಿದ್ದ. ಜನ ಚಪ್ಪಾಳೆ ತಟ್ಟಿದರು, ಪಕ್ಕದ ಮೇಜಿನ ಅಪರಿಚಿತರು ಕೂಡ.

ಅಪ್ಪ ಎದ್ದು ನಿಂತ. "ನಾನೇನೂ ದೊಡ್ಡ ಕೆಲ್ಸ ಮಾಡಿಲ್ಲ. ದಿನಾ ಬೆಳಗ್ಗೆ ಎದ್ದೆ, ಇವಳಿದ್ಳು. ಅಷ್ಟೇ," ಎಂದು ಕೂತ. ತಂಗಿ ಕಣ್ಣೊರೆಸಿಕೊಂಡಳು.

"ಅಜ್ಜಿ, ನೀವೂ! ಅಜ್ಜಿ, ನೀವೂ!" ಎಂದು ಮಕ್ಕಳು ಮೇಜು ಬಡಿದರು.

ಅಮ್ಮ ಕೂತಲ್ಲಿಂದಲೇ ಹೇಳಿದಳು: "ನಂದು ಹದಿನೈದಕ್ಕೆ ಹೇಳ್ತೀನಿ."

ಒಂದು ಗಳಿಗೆ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ನಗು ಹೊಮ್ಮಿತು. ಅಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮ ಇಷ್ಟು ತಮಾಷೆಯವಳೆಂದು ಯಾರಿಗೂ ಗೊತ್ತಿರಲಿಲ್ಲ. ನಗದಿದ್ದವರು ಇಬ್ಬರು: ಅವನು, ಅವನ ಹೆಂಡತಿ. ಅವಳು ಅಮ್ಮನನ್ನೇ ನೋಡುತ್ತ, ಮೆಲ್ಲಗೆ, "ನಾವೂ ಆಗಲೇ ಹೇಳೋಣ," ಎಂದಳು.

"ಯಾವಾಗ?"

ಅವಳು ಕೇಕಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಎಂದಿಗೂ ಹೇಳುವುದು ಬೇಡ ಎಂದಳೆ? ಹಾಗಾದರೆ ತಿರುಗಿ ಬರುತ್ತಾಳೆಯೆ? ಅಥವಾ ಹೇಳುವಷ್ಟು ಕೂಡ ಏನೂ ಉಳಿದಿಲ್ಲ ಎಂದೆ? ಕೇಳಿಬಿಡಬಹುದಿತ್ತು. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎಂಬ ಹೆದರಿಕೆಯಿಂದ ಕೇಳಲಿಲ್ಲ.

ಶನಿವಾರ ಬೆಳಗ್ಗೆ ಆರಕ್ಕೆ ಬಾಗಿಲು ಬಡಿದ ಸದ್ದಾಯಿತು. ಅಪ್ಪ, ಕಾಲಿಗೆ ಹಡಗಿನವರು ಕೊಟ್ಟ ಬಿಳಿ ಬಟ್ಟೆಯ ಚಪ್ಪಲಿ, ಅಂಗಿಯ ಗುಂಡಿ ತಪ್ಪಿಹೋಗಿದೆ.

"ನಿಮ್ಮಮ್ಮ ಇಲ್ಲಿದಾಳಾ?"

"ಇಲ್ವಲ್ಲ."

"ಎದ್ದೆ. ಇಲ್ಲ."

ಅಪ್ಪ ಅವನ ಭುಜದಾಚೆ ಒಳಗೆ ನೋಡಿದ. ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಾಸಿಗೆಯ ನಡುವೆ ಮೂರು ದಿಂಬು ಸಾಲಾಗಿ. ಅಪ್ಪ ಬಹಳ ಹೊತ್ತು ನೋಡಿದ.

"ನಿಮಗೆ ದಿಂಬು ಜಾಸ್ತಿ ಕೊಟ್ಟಿದಾರೆ," ಎಂದ.

ಇಬ್ಬರೂ ಹೊರಟರು. ಊಟದ ಹಾಲ್ ಖಾಲಿ. ಪುಸ್ತಕದ ಕೋಣೆ ಖಾಲಿ. ಅಪ್ಪ ಪ್ರತಿ ತಿರುವಿನಲ್ಲೂ ಅಮ್ಮನನ್ನು ಕೂಗಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ಐವತ್ತು ವರ್ಷ "ಇವಳೇ" ಎಂದು ಕರೆದವನಿಗೆ ಜನರ ನಡುವೆ ಏನೆಂದು ಕೂಗುವುದೋ ತಿಳಿಯಲಿಲ್ಲ.

ಲಿಫ್ಟಿನೊಳಗೆ ಸಫಾಯಿಯ ಹೆಂಗಸೊಬ್ಬಳು ಮಂಡಿಯೂರಿ ನೆಲಹಾಸು ಬದಲಿಸುತ್ತಿದ್ದಳು. ಹಡಗಿನಲ್ಲಿ ಎಲ್ಲ ದಿನವೂ ಒಂದೇ ಥರ. ಜನ ತಲೆಕೆಡಿಸಿಕೊಳ್ಳಬಾರದೆಂದು ಲಿಫ್ಟಿನ ಹಾಸಿನ ಮೇಲೆ ಆಯಾ ವಾರದ ಹೆಸರು ನೇಯ್ದಿರುತ್ತಾರಂತೆ. ಗುರುವಾರವನ್ನು ಸುತ್ತಿ ಬದಿಗಿಟ್ಟು, ಶನಿವಾರವನ್ನು ಹಾಸಿ, ಮೂಲೆಗಳನ್ನು ಅಂಗೈಯಿಂದ ಒತ್ತಿದಳು.

"ಮಧ್ಯದ್ದು?" ಎಂದು ಅವನು ಕೇಳಿದ. ಯಾಕೆ ಕೇಳಿದನೋ.

"ಅದನ್ನ ಒಬ್ರು ಅಜ್ಜಿ ಇಸ್ಕೊಂಡ್ರು ಸರ್. ಒಂದು ಗಂಟೆ ಕೊಡಮ್ಮ, ಹೇಗೂ ಸುಮ್ನೆ ಬಿದ್ದಿರತ್ತಲ್ಲ ಅಂದ್ರು. ಮೇಲ್ಗಡೆ, ಹಿಂದಿನ ಡೆಕ್ಕಲ್ಲಿದಾರೆ. ಗಾಳಿ ಇದೆ, ಹಾಳಾಗತ್ತೆ. ವಾಪಸ್ ಇಸ್ಕೊಡ್ತೀರಾ?"

ಹಿಂದಿನ ಡೆಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ. ನೆಲ ಇನ್ನೂ ಒದ್ದೆ. ನಟ್ಟನಡುವೆ, ಯಾರೂ ತುಳಿಯದ ಹೊಸ ಹಾಸನ್ನು ಬಿಡಿಸಿ ಹಾಕಿಕೊಂಡು ಅಮ್ಮ ಕೂತಿದ್ದಳು. ಬೆನ್ನು ಇವರ ಕಡೆಗೆ, ಚಪ್ಪಲಿ ಹಾಸಿನ ಅಂಚಿನಿಂದ ಹೊರಗೆ, ಜೋಡಿಯಾಗಿ. ಮುಂದೆ ಹಡಗು ಬಿಟ್ಟುಬಂದ ಬಿಳಿ ನೊರೆಯ ದಾರಿ ಅಗಲವಾಗುತ್ತ, ಮಸುಕಾಗುತ್ತ ಹೋಗಿ ನೀರೇ ಆಗಿಬಿಡುತ್ತಿತ್ತು.

"ಏನಂತೆ ಅವಳಿಗೆ?" ಎಂದು ಅಪ್ಪ ಪಿಸುಗುಟ್ಟಿದ. "ಕೇಳು."

ಅವನು ಹತ್ತಿರ ಹೋದ. ಹಾಸು ಒಬ್ಬರು ಕೂರುವಷ್ಟೇ ಇತ್ತು. ಅಮ್ಮ ಕೂತಲ್ಲಿ ಅಕ್ಷರಗಳು ಮುಚ್ಚಿಹೋಗಿ, ಬಲಬದಿಗೆ 'ವಾರ' ಎಂಬಷ್ಟು ಮಾತ್ರ ಹೊರಗೆ ಕಾಣುತ್ತಿತ್ತು, ಯಾವುದೆಂದು ಹೇಳದೆ.

"ಅಮ್ಮ."

ಅವಳು ತಿರುಗಲಿಲ್ಲ. ಗಾಳಿಗೆ ಕೇಳಿಸಲಿಲ್ಲವೋ, ಕೇಳಿಸಿತೋ. ಅವನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಅರ್ಧ ಬಿಚ್ಚಿ, ಕಾಲಿಡಲು ಅಲ್ಲಿ ಜಾಗವಿಲ್ಲವೆಂದು ಕಂಡು, ಮತ್ತೆ ಕಟ್ಟಿಕೊಳ್ಳಬೇಕೋ ಬೇಡವೋ ತಿಳಿಯದೆ, ಒದ್ದೆ ನೆಲದ ಮೇಲೆ ಬಗ್ಗಿಯೇ ಉಳಿದ.