ಬರೇ ಸೊಪ್ಪು

ಇಲ್ಲ, ಇಲ್ಲೂ ಇಲ್ಲ, ಸೂಕ್ಷ್ಮದರ್ಶಕದಡಿಯ ಗಾಜನ್ನು ಇನ್ನೊಂದು ಕೂದಲೆಳೆಯಷ್ಟು ಸರಿಸು, ತಿಳಿಗುಲಾಬಿ ರಕ್ತಕಣಗಳು, ನಡುವೆ ಒಂದು ಬಿಳಿಕಣ, ಉಂಗುರ ಮಾತ್ರ ಇಲ್ಲ — ಹೋದ ವಾರ ಇದೇ ರುಕ್ಮಿಣಿಬಾಯಿಯ ರಕ್ತದಲ್ಲಿ ಎತ್ತ ನೋಡಿದರೂ ಉಂಗುರ, ಮಲೇರಿಯಾ ಕ್ರಿಮಿಯ ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು, ಇವತ್ತು ಕಣ್ಣಲ್ಲಿ ನೀರೂರುವ ತನಕ ಹುಡುಕಿದರೂ ಒಂದೂ ಇಲ್ಲ, ಕೇಶರಬಾಯಿಯದರಲ್ಲೂ ಇರಲಿಲ್ಲ, ಇಬ್ಬರೂ ಕುಡಿದದ್ದು ನೆಲಬೇವಿನ ಕಷಾಯ, ಬೇಮಳಖೇಡದ ಬೇಲಿಸಾಲಿನ ಸೊಪ್ಪು, ದನ ಕೂಡ ಮೂಸದ ಸೊಪ್ಪು, ಗುಲ್ಬರ್ಗಾದ ಹಾಸ್ಟೆಲ್ ಲೈಬ್ರರಿಯಲ್ಲಿ ಮಲೇರಿಯಾದ ಮದ್ದು ಕ್ವಿನೈನಿನ ಪುಟ ಓದಿದ ದಿನವೇ ಅಂದುಕೊಂಡಿದ್ದೆ, ಅದೂ ಒಂದು ಮರದ ತೊಗಟೆ, ತೊಗಟೆಯಿಂದ ಆಗುವುದು ನಮ್ಮ ಸೊಪ್ಪಿನಿಂದ ಯಾಕಾಗಬಾರದು, ಪ್ರೊಫೆಸರರು ನಕ್ಕಿದ್ದರು, ಫಾರ್ಮಸಿಗೆ ಸೊಪ್ಪು ಸದೆ ತರಬೇಡಪ್ಪ — ಈಗ ಬರಲಿ, ಹುಮನಾಬಾದಿನ ಈ ಮಲೇರಿಯಾ ಆಫೀಸಿನ ಕುಂಟು ಸ್ಟೂಲಿನ ಮೇಲೆ ಕೂತು ನಗಲಿ.

ವೈಜಿನಾಥ್ ಸಾಬ್, ಖುಷಿ ಆಮ್ಯಾಲ ಪಡ್ರಿ, ಗುಳಿಗಿ ನುಂಗಿಲ್ಲಂತ ಖಾತ್ರಿ ಏನದ, ರಕ್ತದ ಗಾಜಿಗೆ ಬಣ್ಣ ಹಾಕುವ ಮೊಹಿನುದ್ದೀನ್ ಅಡಿಕೆ ಅಗಿಯುತ್ತಲೇ ಅನುಮಾನ ಪಡುವವನು, ನುಂಗಿಲ್ಲ ಭಾಯಿ, ನಾನೇ ಹೇಳೀನಿ, ಮಲೇರಿಯಾದ ಸರ್ಕಾರಿ ಗುಳಿಗಿ ಸೆರಗಿನ್ಯಾಗ ಕಟ್ಟಿಟ್ಕೋರಿ, ಜ್ವರ ಏರಿದ್ರ ನುಂಗ್ರಿ, ಇಲ್ಲಾಂದ್ರ ಮುತ್ಯಾನ ಕಷಾಯ ಒಂದೇ — ಮುತ್ಯಾ ಬಾಗಿಲಲ್ಲೇ ಕೂತಿದ್ದಾನೆ, ಕುರಿ ಕಾಯುವ ಮುದುಕ ಮಡೆಪ್ಪ, ಊರಿಗೆಲ್ಲ ಜ್ವರದ ಸೊಪ್ಪು ಕೊಡುವವನು, ಮುತ್ಯಾ, ನಿನ್ನ ಸೊಪ್ಪು ಗೆದ್ದದ, ಅವನು ನಗುತ್ತಾನೆ, ಗೆಲ್ಲಲಾರ್ದ ಏನ್ ಮಾಡ್ತದೋ ತಮ್ಮಾ, ಹೊಟ್ಟಿ ಸುಡ್ತದಂತ ಹೆಣ್ಮಕ್ಕಳು ಆ ಗುಳಿಗಿ ನುಂಗಲ್ಲ, ಕೆಡಸೂದ್ಯಾಕ, ಎಲ್ಲಾ ಇಸ್ಕೊಂಡು ಅರದು ಕಷಾಯದಾಗ ಹಾಕೀನಿ, ಕಹಿಯಾಗ ಕಹಿ ಗೊತ್ತೇ ಆಗಲ್ಲ — ತೋಬಾ, ಮೊಹಿನುದ್ದೀನ್ ಉಗುಳಲು ಹೊರಗೆ ಓಡಿ ಅಲ್ಲೇ ನಿಂತು ನಗುತ್ತಿದ್ದಾನೆ, ಸರ್ಕಾರದ ಗುಳಿಗೀನೇ ಗೆದ್ದದ ಸಾಬ್, ಎಲ್ಲ ಹೋಯಿತು, ಎರಡೂ ಗಾಜು ತೊಳೆದು ಕಪಾಟಿಗಿಡಬಹುದು, ಮುತ್ಯಾ ನಗುತ್ತಲೇ ಇದ್ದಾನೆ, ಆದರೆ ಈ ಸುಡುಬಿಸಿಲಲ್ಲಿ ಕುತ್ತಿಗೆ ತನಕ ಕಂಬಳಿ ಯಾಕೆ, ಹಲ್ಲು ಯಾಕೆ ಕಟಕಟ ಅನ್ನುತ್ತಿವೆ, ಮುತ್ಯಾ, ನಿನಗೂ ಜ್ವರ ಬಂದಾವೇನು, ಬಂದಾವಪ್ಪ, ದಿನಾ ಬಿಟ್ಟು ದಿನಾ ನಡಗಸ್ತಾವ, ಮತ್ತ ನೀನೂ ಗುಳಿಗಿ ಹಾಕಿದ ಕಷಾಯಾನೇ ಕುಡದಿ ಏನು, ಛೀ, ಸೊಪ್ಪು ಕೊಡೂ ಕೈ ಗುಳಿಗಿ ಮುಟ್ಟಿದ್ರೂ ನಡೀತದ, ಬಾಯಿ ಮುಟ್ಟಿದ್ರ ಸೊಪ್ಪಿನ ಗುಣಾ ಹೋಗ್ತದ, ನಮ್ಮಪ್ಪನೂ ಮುಟ್ಟಿಲ್ಲ, ನಂದು ಬರೇ ಸೊಪ್ಪು.

ಬರೇ ಸೊಪ್ಪು. ಎದೆ ಹಾರುತ್ತದೆ, ನಾಚಿಕೆಯಿಲ್ಲದೆ ಹಾರುತ್ತದೆ, ಹೆಂಗದೀ ಅಂತ ಕೇಳುವ ಮೊದಲೇ ಅವನ ಬೆರಳು ನನ್ನ ಕೈಯಲ್ಲಿದೆ, ಸೂಜಿ, ಹನಿ, ಗಾಜು, ಬೇಗ ಬಣ್ಣ ಹಾಕಿ ಒಣಗಿಸೋ ಮೊಹಿನುದ್ದೀನ್, ಬೇಗ, ಗುಳಿಗೆ ಸೋಕದ ರಕ್ತ ಇದೊಂದೇ, ನಿಜವಾದ ಪರೀಕ್ಷೆ ಇದೊಂದೇ, ನಡುಕ ಬೇರೆ ಯಾವುದೋ ಜ್ವರದ್ದಿರಬಹುದು, ನೋಟ ತಿಳಿಯಾಗಲು ಗಾಜಿನ ಮೇಲೆ ಎಣ್ಣೆಯ ಹನಿ ಬಿತ್ತು, ಕಣ್ಣಿಟ್ಟೆ, ಮೊದಲು ಮಂಜು, ಆಮೇಲೆ ಗುಲಾಬಿ, ಸ್ವಚ್ಛ, ಸರಿಸು, ಇಲ್ಲೂ ಸ್ವಚ್ಛ, ಸರಿಸು — ಉಂಗುರ. ಬಣ್ಣದ ಕಲೆ ಇರಬೇಕು, ಸರಿಸು, ಉಂಗುರ, ಒಂದೇ ಕಣದೊಳಗೆ ಎರಡು, ಮೊಹಿನುದ್ದೀನ್ ತಾನೂ ಇಣುಕಿ ನೋಡಿ ನಗು ನಿಲ್ಲಿಸಿದ, ಅಂಗೈಯಲ್ಲಿ ಬಿಳಿ ಗುಳಿಗೆ ಹಿಡಿದು ಬಾಗಿಲಿಗೆ ಹೋದ, ತಗೋ ಮುತ್ಯಾ, ಮಡೆಪ್ಪ ಬಾಯಿ ಬಿಗಿದು ತಲೆ ಅಲ್ಲಾಡಿಸುತ್ತಾನೆ, ಆಮೇಲೆ ನನ್ನ ಕಡೆ ತಿರುಗಿ, ಗೆದ್ದದೇನೋ ತಮ್ಮಾ, ಗಾಜಿನಿಂದ ಕಣ್ಣು ಕೀಳಲು ಆಗುತ್ತಿಲ್ಲ, ಉಂಗುರ, ಉಂಗುರದ ಪಕ್ಕ ಉಂಗುರ, ಕೆಂಪು ಹರಳಿನ ಉಂಗುರ