ಹೊಟ್ಟೆ ತಾಗುವ ಕಾರು

ಅನೀಶ್ ಹಟ ಹಿಡಿದು ಕೊಂಡ ಸ್ಪೋರ್ಟ್ಸ್ ಕಾರು ಸೆಕೆಂಡ್ ಹ್ಯಾಂಡ್ ಆದರೂ ಅದರ ಗತ್ತಿಗೇನೂ ಕಡಿಮೆಯಿರಲಿಲ್ಲ. ಆದರೆ ಇಬ್ಬರು ಕೂತರೆ ಸಾಕು, ಆರ್.ಕೆ.ಪುರಂನ ಪ್ರತಿ ಹಂಪ್‌ಗೂ ಅದರ ಹೊಟ್ಟೆ ಕರಕರ ಉಜ್ಜುತ್ತಿತ್ತು. ಒಮ್ಮೆ ತಳ ಒಡೆದು ಆಯಿಲ್ ಸೋರಿದ ಮೇಲಂತೂ ಅವನ ಜೀವ ಅದರಲ್ಲೇ.

ಮಂಡಿನೋವಿನ ಚಿಕಿತ್ಸೆಗೆಂದು ಊರಿನಿಂದ ಬಂದಿದ್ದ ಮಾವ ಬಸವಲಿಂಗಪ್ಪನವರನ್ನು ದಿನಾ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದದ್ದೂ ಅದರಲ್ಲೇ. ಹಂಪ್ ಬಂದಾಗಲೆಲ್ಲ, "ಮಾವ, ಸ್ವಲ್ಪ ಇಳೀತೀರಾ?" ಎನ್ನುತ್ತಿದ್ದ. ಅಳಿಯನ ಮಾತು ತೆಗೆದುಹಾಕುವವರಲ್ಲ ಅವರು. ಇಳಿದು, ಕುಂಟುತ್ತ ಹಂಪ್ ದಾಟಿ, ಮತ್ತೆ ಕೂರುವರು. "ಗಾಡಿಗೇನೂ ಆಗ್ಲಿಲ್ಲ ತಾನೇ, ಅಳಿಯಂದ್ರೆ?" ಎನ್ನುವರು. ಕನ್ನಡಿಯಲ್ಲಿ ಆ ಕುಂಟುನಡಿಗೆ ಕಂಡಾಗ ಇನ್ನು ಇಳಿಸಬಾರದು ಎಂದುಕೊಳ್ಳುತ್ತಿದ್ದ ಅನೀಶ್. ಹಾಳು ಮೋಹ, ಮುಂದಿನ ಹಂಪ್‌ನಲ್ಲಿ ಬಾಯಿ ಮತ್ತೆ ಅದನ್ನೇ ಕೇಳುತ್ತಿತ್ತು.

ಕಾರು ಗ್ಯಾರೇಜಿಗೆ ಹೋದ ದಿನ ಇಬ್ಬರೂ ಆಟೋ ಹತ್ತಿದರು. ಮುನಿರ್ಕಾದ ಹತ್ತಿರ ಹಂಪ್ ಬಂತೆಂದು ಆಟೋ ನಿಧಾನವಾಯಿತು. ಮಾವ ಮಂಡಿ ಒತ್ತಿಕೊಂಡು ಒಂದು ಕಾಲು ಹೊರಗಿಟ್ಟೇಬಿಟ್ಟರು. ಡ್ರೈವರ್ ಗಕ್ಕನೆ ನಿಲ್ಲಿಸಿದ. "ಕ್ಯಾ ಹುವಾ, ಅಂಕಲ್?"

ಅನೀಶ್ ಅವರ ತೋಳು ಹಿಡಿದುಕೊಂಡ. "ಮಾವ, ಇದು ಆಟೋ. ಇಳಿಯೋದು ಬೇಡ."

"ಹೌದಲ್ವಾ," ಎಂದು ಅವರು ನಾಚಿಕೊಂಡು ಕಾಲು ಒಳಗೆಳೆದುಕೊಂಡರು. "ಇದಕ್ಕೆ ನಾನು ಭಾರ ಅಲ್ಲ."