ರಕ್ತ ಬೇಕು, ಚಾ ಬ್ಯಾಡ

ಹೊಸ ಜ್ವರದಿಂದ ಬದುಕಿ ಬಂದವಳನ್ನು ಊರು ಎದುರುಗೊಳ್ಳಬೇಕಿತ್ತು. ಕಮಲಾಪುರದವರು ಹಾಗೇನೂ ಮಾಡಲಿಲ್ಲ ಬಿಡಿ. ಕುರಿಯ ಮೈಮೇಲಿನ ಉಣ್ಣಿಹುಳ ಕಚ್ಚಿ ಬಂದ ಜ್ವರದಲ್ಲಿ ಪುತಳಾಬಾಯಿ ಕಲಬುರಗಿಯ ಆಸ್ಪತ್ರೆ ಸೇರಿ, ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರೇ ಹೇಳಿ ಕಳಿಸಿದ್ದರು. ಆದರೂ ಬಸ್‌ಸ್ಟ್ಯಾಂಡ್ ಎದುರಿನ ಅವಳ ಚಹಾದಂಗಡಿಯಲ್ಲಿ ನೊಣ ಹೊಡೆಯುವುದೊಂದೇ ಕೆಲಸ. ಅವಳ ಚಹಾ ಇಲ್ಲದೆ ಆಟೋ ಚಾಲೂ ಮಾಡದಿದ್ದ ದೌಲಪ್ಪನೂ "ಇವತ್ತ ಉಪವಾಸ ಅದ ಅಕ್ಕಾ" ಅನ್ನುತ್ತಿದ್ದ. ಮರುದಿನವೂ ಅವನಿಗೆ ಉಪವಾಸವೇ. ಅಂಗಡಿ ಮುಚ್ಚಿದರೆ ಮಹಾಗಾಂವದ ಹೊಲಗಳಿಗೆ ಕೂಲಿ ಹೋಗಬೇಕು. ಜ್ವರ ತಿಂದ ಮೈಯಲ್ಲಿ ಆ ಕಸುವು ಎಲ್ಲಿತ್ತು?

ಅಂಥದೊಂದು ಇಳಿಹೊತ್ತಿನಲ್ಲಿ ಔಷಧ ಕಂಪನಿಯ ಅಫ್ಶೀನ್ ಬಂದಳು. ಕಲಬುರಗಿಯ ಜೇವರ್ಗಿ ಕಾಲೋನಿಯ ಹುಡುಗಿ; ಬಿಸಿಲಿಗೆ ತುಟಿ ಒಣಗಿತ್ತು.

"ಜ್ವರ ಗೆದ್ದ ನಿಮ್ಮ ರಕ್ತದಾಗ ಅದನ್ನ ಹೊಡೆಯೋ ಶಕ್ತಿ ಅದರೀ, ಅಕ್ಕಾರೆ. ಸ್ವಲ್ಪ ಕೊಟ್ರ ನಮ್ಮ ಕಂಪನಿ ಔಷಧ ಮಾಡ್ತದ. ಜ್ವರ ಮತ್ತ ಬಂದ್ರ ಇರ್ಲಿ ಅಂತ ಸರಕಾರ ಮೊದಲೇ ಕೊಂಡು ಇಟ್ಕೊಳ್ತದ."

"ಅಂದ್ರ ಧಂದಾ."

"ಹೌದ್ರೀ, ಖರೇ ಹೇಳ್ತೀನಿ, ಧಂದಾನೇ. ಆದ್ರ ಮಂದೀನೂ ಉಳೀತಾರ. ರಕ್ತಕ್ಕ ರೊಕ್ಕ ಕೊಡಾಕ ಕಾಯ್ದೆ ಬಿಡಂಗಿಲ್ಲ. ಕಲಬುರಗಿಗಿ ಬಂದು ಹೋಗಾಕ ಬಸ್ ಚಾರ್ಜ್ ಅಷ್ಟೇ ಕೊಡ್ತೀವಿ."

ಮುಚ್ಚುಮರೆಯಿಲ್ಲದ ಮಾತು ಪುತಳಾಬಾಯಿಗೆ ಹಿಡಿಸಿತು. ಶುಂಠಿ ಜಜ್ಜಿ ಹಾಕಿ, ಚಹಾ ಕುದಿಸಿ, ಕಪ್ಪು ಮುಂದಿಟ್ಟಳು.

"ಈಗ ಬ್ಯಾಡ್ರೀ. ರೋಜಾ ಅದ."

ಅಷ್ಟೇ ಸಾಕಾಯಿತು. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಗಂಟಲಿಗೆ ಬಂತು. "ನನ್ನ ಅಂಗಡಿ ಮುಂದ ಬಂದ ಕೂಡ್ಲೆ ಎಲ್ಲಾರಿಗೂ ಉಪವಾಸ! ನನ್ನ ರಕ್ತ ಬೇಕು, ಚಾ ಬ್ಯಾಡ! ನಡೀರಿ ಮೇಡಂ, ಒಂದ ಹನಿ ಕೊಡಂಗಿಲ್ಲ!" ಕಪ್ಪಿನ ಚಹಾ ಗಟಾರಕ್ಕೆ ಹೋಯಿತು. ಆಟೋದಲ್ಲಿ ಕೂತಿದ್ದ ದೌಲಪ್ಪ ತಲೆ ತಗ್ಗಿಸಿದ.

ಅಫ್ಶೀನ್ ಅಲ್ಲಿಂದ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತಳು. ಕಲಬುರಗಿ ಬಸ್ಸು ಬಂತು, ಹೋಯಿತು. ಅದರ ನಂತರದ್ದೂ ಹೋಯಿತು. ಎಂಥ ಮೊಂಡು ಹುಡುಗಿಯಪ್ಪಾ ಎಂದು ಗೊಣಗುತ್ತ ಪುತಳಾಬಾಯಿ ಒಲೆಯ ಉರಿ ಸಣ್ಣದು ಮಾಡಿದಳು.

ಹೊತ್ತು ಮುಳುಗಿ ಮಸೀದಿಯಿಂದ ಬಾಂಗ್ ಕೇಳಿಸಿತು. ಅಫ್ಶೀನ್ ಚೀಲದಿಂದ ಖರ್ಜೂರ ತೆಗೆದು ಬಾಯಿಗಿಟ್ಟುಕೊಂಡಳು.

"ಈಗ ಕೊಡ್ರೀ, ಅಕ್ಕಾರೆ. ನಸುಕಿನಿಂದ ನೀರೂ ಕುಡದಿಲ್ಲ."

ಪುತಳಾಬಾಯಿ ಲಗುಬಗೆಯಿಂದ ಲೋಟ ತೊಳೆದಳು. ಅಯ್ಯ ಶಿವನೇ, ಹಸಿದ ಕೂಸಿಗೆ ಎಂಥ ಮಾತಂದೆ! ಮೊದಲು ನೀರು ಕೊಟ್ಟಳು, ಆಮೇಲೆ ಚಹಾ. ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ನೋಡುತ್ತಿರುವಂತೆ ಅಫ್ಶೀನ್ ಊದಿ ಊದಿ ಕುಡಿದು, ಇನ್ನೊಂದು ಕೇಳಿದಳು.

ದೌಲಪ್ಪ ಆಟೋ ಇಳಿದು ಬಂದ. "ನನಗೂ ಒಂದ ಕೊಡಕ್ಕಾ."

"ನಿಂದು ಉಪವಾಸ ಮುಗೀತೇನೋ?"

"ಮುಗೀತಕ್ಕಾ," ಅಂದ ಅವನು, ನೆಲ ನೋಡುತ್ತ.

ಅವನಿಗೂ ಸೋಸಿ ಕೊಟ್ಟು ಪುತಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಫ್ಶೀನಳ ಕಡೆ ತಿರುಗಿದಳು.

"ತಂಗೀ, ನಾಳಿ ಯಾವ ಬಸ್ಸಿಗಿ ಬರ್ಲಿ?"